ಆನೆಗೊಂದಿ ಬಳಿಯ ನಕ್ಷತ್ರ ವೀಕ್ಷಣೆ: ಎರವಲು ಬೇರಿಯಂನ ದೈತ್ಯ

ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ತಂಗುದಾಣವೊಂದು ನವೆಂಬರ್‌ನಲ್ಲಿ ಏರ್ಪಡಿಸಿದ್ದ ನಕ್ಷತ್ರ ವೀಕ್ಷಣೆಗೆ ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಮಕರ ರಾಶಿಯ ಝೀಟಾ ನಕ್ಷತ್ರ ದೂರದರ್ಶಕದಲ್ಲಿಯೂ ಬರಿಯ ಹಳದಿ ಚುಕ್ಕೆಯೇ. ಕೊಟ್ಟ ಹಣ ಸಾರ್ಥಕವಾದದ್ದು ಮಾರ್ಗದರ್ಶಕರ ವಿವರಣೆಯಿಂದ.

ಝೀಟಾದಂತೆ ಬೇರಿಯಂ ಎಂಬ ಲೋಹಧಾತು ಅತಿಯಾಗಿರುವ, ಉಬ್ಬಿ ಹಿಗ್ಗಿದ ದೈತ್ಯ ನಕ್ಷತ್ರಗಳನ್ನು 1951ರಲ್ಲಿ ಖಗೋಳವಿಜ್ಞಾನಿಗಳಾದ ಬೈಡೆಲ್‌ಮನ್ ಮತ್ತು ಕೀನನ್ ಗುರುತಿಸಿದರು. ಆ ಧಾತುವನ್ನು ತಾನೇ ತಯಾರಿಸುವ ಹಂತವನ್ನು ಈ ನಕ್ಷತ್ರ ಇನ್ನೂ ಮುಟ್ಟಿಲ್ಲ. ಇದಕ್ಕಿಂತ ಮೊದಲೇ ಮುಪ್ಪಾದ ಜೊತೆಗಾರ ನಕ್ಷತ್ರವು, ತನ್ನೊಡಲಿನಲ್ಲಿ ಪರಮಾಣು ಬೀಜಗಳು ನ್ಯೂಟ್ರಾನ್‌ಗಳನ್ನು ನಿಧಾನವಾಗಿ ಸೆರೆಹಿಡಿದುದರಿಂದ ರೂಪುಗೊಂಡ ಬೇರಿಯಂ ಅನ್ನು ಇದರ ಮೇಲೆ ಸುರಿದು, ಈಗ ಶ್ವೇತಕುಬ್ಜವಾಗಿ (ಉರಿದು ಮುಗಿದ ನಕ್ಷತ್ರದ ಪುಟ್ಟ, ದಟ್ಟ ಶೇಷವಾಗಿ) ಜೊತೆಯಲ್ಲೇ ಸುತ್ತುತ್ತಿದೆ. ಅದೇ ಪ್ರಕ್ರಿಯೆಯಲ್ಲಿ ಹುಟ್ಟುವ ಟೆಕ್ನೀಶಿಯಂ ಎಂಬ ವಿಕಿರಣಶೀಲ ಧಾತುವಿನ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 2 ಲಕ್ಷ ವರ್ಷ ಮಾತ್ರವಾದ್ದರಿಂದ, ಬೇರಿಯಂ ದೈತ್ಯಗಳಲ್ಲಿ ಅದು ಕಾಣದಿರುವುದು ಈ ಕೊಡುಗೆ ಬಹಳ ಹಳೆಯದೆಂಬುದಕ್ಕೆ ಸಾಕ್ಷಿ ಎಂದು ಮಾರ್ಗದರ್ಶಕರು ಹೇಳಿದಾಗ, ಆಕಳಿಸುತ್ತಿದ್ದ ನಮ್ಮ ಹುಡುಗನೂ ಎದ್ದು ಕುಳಿತ.

ಊಟ ಸಾಧಾರಣವಾಗಿತ್ತು. ಆದರೆ ಬೇರಿಯಂ ರೇಖೆಗಳಿರುವ ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ನಕ್ಷತ್ರದ ಬೆಳಕಿನ) ಒಂದು ಚಿತ್ರವನ್ನೂ ತೋರಿಸದಿದ್ದುದು, ಕೇಳಿಕೊಂಡರೂ ಅಂಗಳದ ದೀಪಗಳನ್ನು ಒಂಬತ್ತರವರೆಗೆ ಆರಿಸದಿದ್ದುದು ದೊಡ್ಡ ಕೊರತೆ. ಮಕರ ರಾಶಿ ಅಷ್ಟರಲ್ಲಿ ಪಶ್ಚಿಮದ ಬಂಡೆಗಳತ್ತ ಇಳಿದಿತ್ತು.