ಆಫ್-ರೋಡ್ ರೋಟರಿ ಎಂಜಿನ್ ಕಟ್ಟಿಸುವವರು ಗಮನಿಸಿ: ಸೀಲು ಉಳಿಯಿತು, ಹೌಸಿಂಗ್ ಹೋಯಿತು

ರೇಸ್ ಟ್ರ್ಯಾಕಿಗೆಂದು ತಯಾರಾದ ಒಳಭಾಗಗಳನ್ನೇ ‘ಆಫ್-ರೋಡಿಗೆ ಇವೇ ಗಟ್ಟಿ’ ಎಂದು ನಂಬಿಸಿ ಕೂಡಿಸಿಕೊಡುವ ಎಂಜಿನ್ ಬಿಲ್ಡರುಗಳಿದ್ದಾರೆ. ಅಂಥವರೊಬ್ಬರು ಕಟ್ಟಿಕೊಟ್ಟ, ಟರ್ಬೊ ಇಲ್ಲದ ನನ್ನ ಮಾಜ್ದಾ 13ಬಿ ರೋಟರಿ ಎಂಜಿನ್ (ಪಿಸ್ಟನ್ನಿನ ಬದಲು ಹೌಸಿಂಗಿನೊಳಗೆ ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್) ಹೆಚ್ಚು ಕಾಲ ಬಾಳಲಿಲ್ಲ. ಮೊದಲು ಐಡ್ಲಿಂಗ್ ಕೆಟ್ಟಿತು, ಆಮೇಲೆ ಬಿಸಿಯಿದ್ದಾಗ ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದಷ್ಟು ಕಂಪ್ರೆಷನ್ ಇಳಿಯಿತು.

ಬಿಚ್ಚಿ ನೋಡಿದಾಗ, ರೋಟರಿನ ಮೂರು ತುದಿಗಳಲ್ಲಿ ಕೂತು ಒತ್ತಡ ಸೋರದಂತೆ ತಡೆಯುವ ಉಕ್ಕಿನ ಅಪೆಕ್ಸ್ ಸೀಲುಗಳಿಗೆ ಏನೂ ಆಗಿರಲಿಲ್ಲ. ಅವು ಗಟ್ಟಿ ಎಂದಿದ್ದ ಬಿಲ್ಡರ್ ಅಷ್ಟರಮಟ್ಟಿಗೆ ನಿಜವನ್ನೇ ಹೇಳಿದ್ದರು. ಹಾಳಾಗಿದ್ದದ್ದು ಅವು ಉಜ್ಜಿಕೊಂಡು ಓಡುವ ಹೌಸಿಂಗಿನ ಒಳಮೈ. ಅಲ್ಯೂಮಿನಿಯಂ ಹೌಸಿಂಗಿಗೆ ರಕ್ಷಣೆಯಾಗಿರುವ ತೆಳುವಾದ ಕ್ರೋಮ್ ಲೇಪನ ಗೆರೆಬಿದ್ದು, ಅಂಚುಗಳಲ್ಲಿ ಚಕ್ಕೆಯೆದ್ದು ಹೋಗಿತ್ತು. ಉಕ್ಕಿನ ಸೀಲು ಡೆಟೊನೇಷನ್ನಿನ (ಇಂಧನ ತಾನಾಗಿಯೇ ಸಿಡಿಯುವುದರ) ಹೊಡೆತಕ್ಕೆ ಮುರಿಯದೆ ಬಾಗುತ್ತದೆ ಎಂಬುದು ಹೆಚ್ಚು ಬೂಸ್ಟಿನ ಟರ್ಬೊ ಎಂಜಿನ್ನಿಗೆ ದೊಡ್ಡ ಅನುಕೂಲ, ಆದರೆ ನನ್ನ ಎಂಜಿನ್ನಿಗೆ ಅದರ ಅಗತ್ಯವೇ ಇರಲಿಲ್ಲ. ಧೂಳಿನಲ್ಲಿ ಏನಾದರೂ ಸವೆಯಲೇಬೇಕೆಂದಾದರೆ ಬದಲಾಯಿಸಬಹುದಾದ ಸೀಲು ಸವೆಯುವುದು ಮೇಲು; ಕಂಪನಿಯ ಎರಕದ ಕಬ್ಬಿಣದ ಸೀಲಿನ ಲಾಭ ಅದೇ. ಇನ್ನು ಸೆರಾಮಿಕ್ ಸೀಲುಗಳನ್ನು ಮಾರುವವರು 1991ರಲ್ಲಿ ಲೆ ಮಾನ್ಸ್ ಗೆದ್ದ 787ಬಿ ಕಾರಿನಲ್ಲಿ ಅವೇ ಇದ್ದುವೆಂದು ಹೇಳದೆ ಬಿಡುವುದಿಲ್ಲ. ಇದ್ದದ್ದು ನಿಜ, ಆದರೆ ಆ ಕಾರು ಕಲ್ಲುಗುಡ್ಡ ಹತ್ತಲಿಲ್ಲ.

ಸೀಲಿಗಿಂತ ದೊಡ್ಡ ಹಾನಿ ಮಾಡಿದ್ದು ಆಯಿಲ್ ಮೀಟರಿಂಗ್ ಪಂಪನ್ನು ಕಿತ್ತು, ಆ ಜಾಗವನ್ನು ಪ್ಲೇಟಿನಿಂದ ಮುಚ್ಚಿದ್ದು. ಅಪೆಕ್ಸ್ ಸೀಲಿಗೆ ಹನಿಹನಿಯಾಗಿ ಎಣ್ಣೆ ಕೊಡುವುದು ಈ ಪಂಪೇ. ಅದರ ಬದಲು ಪೆಟ್ರೋಲಿನಲ್ಲಿ ಶೇ. 1ರ ಆಸುಪಾಸು ಟೂ-ಸ್ಟ್ರೋಕ್ ಆಯಿಲ್ ಬೆರೆಸಿದರೆ ಸಾಕೆಂದು ಬಿಲ್ಡರ್ ಹೇಳಿದ್ದರು, ಹಾಗೆಯೇ ಬೆರೆಸುತ್ತಿದ್ದೆ. ಥ್ರಾಟಲ್ ತೆರೆದೇ ಓಡುವ ಟ್ರ್ಯಾಕಿನಲ್ಲಿ ಈ ಲೆಕ್ಕ ಸರಿಹೋಗುತ್ತದೆ. ಉದ್ದನೆಯ ಕಡಿದಾದ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ, ಕೆಳಗಿನ ಗೇರಿನಲ್ಲಿ ಎಂಜಿನ್ ಬ್ರೇಕಿಂಗ್ ಮಾಡುತ್ತ ಇಳಿಯುವಾಗ ಮಾತ್ರ, ಇಂಜೆಕ್ಷನ್ ವ್ಯವಸ್ಥೆ ಪೆಟ್ರೋಲನ್ನೇ ಕಡಿಯುವುದರಿಂದ, ಅದರೊಂದಿಗೆ ಬರಬೇಕಾದ ಎಣ್ಣೆಯೂ ನಿಲ್ಲುತ್ತದೆ, ರೋಟರ್ ತಿರುಗುತ್ತಲೇ ಇರುತ್ತದೆ. ಎಂಜಿನ್ನಿನಿಂದಲೇ ಓಡುವ ಪಂಪಾದರೆ ಆಗಲೂ ಒಂದಿಷ್ಟು ಎಣ್ಣೆ ಕೊಡುತ್ತಿರುತ್ತದೆ. ಈಗಿನ ಎಂಜಿನ್ನಿನಲ್ಲಿ ಪಂಪು ಉಳಿದಿದೆ. ಅಡಾಪ್ಟರ್ ಹಾಕಿಸಿ, ಅದಕ್ಕೆ ಪ್ರತ್ಯೇಕ ಟ್ಯಾಂಕಿನಿಂದ ಟೂ-ಸ್ಟ್ರೋಕ್ ಆಯಿಲ್ ಬರುವಂತೆ ಮಾಡಿಸಿದ್ದೇನೆ.

ಬ್ರಿಜ್ ಪೋರ್ಟಿನ (ಗಾಳಿ ಒಳಬರುವ ಕಿಂಡಿಯ ಪಕ್ಕದಲ್ಲಿ ಇನ್ನೊಂದು ಕಿಂಡಿ ಕೊರೆಯುವುದು) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಮೊದಲೇ ಕಡಿಮೆಯಿರುವ ರೋಟರಿಯ ಟಾರ್ಕನ್ನು ಅದು ಇನ್ನಷ್ಟು ಕಸಿದುಕೊಳ್ಳುತ್ತದೆ. ತೆವಳುವ ವೇಗದಲ್ಲಿ ಕ್ಲಚ್ ಜಾರಿಸುತ್ತಲೇ ಇರಬೇಕಾಗುತ್ತದೆ.

ಕಟ್ಟುವ ಮೊದಲು ಬಿಲ್ಡರಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಬೇಕಾದ ಎರಡು ವಿಷಯಗಳಿವೆ. ಮೊದಲನೆಯದು ರೋಟರಿನ ಪಕ್ಕದ ಮೈಯಲ್ಲಿರುವ ಸೈಡ್ ಸೀಲಿಗೂ ಅದರ ಮೂಲೆಯಲ್ಲಿರುವ ಕಾರ್ನರ್ ಸೀಲಿಗೂ ನಡುವಿನ ಅಂತರ: ಕಂಪನಿಯ ಅಳತೆ 0.05ರಿಂದ 0.15 ಮಿ.ಮೀ., ಅದನ್ನು ಪ್ರತಿ ಸೀಲಿಗೂ ಫೀಲರ್ ಗೇಜಿನಿಂದ ಅಳೆದು ಬರೆದಿರಬೇಕು. ಎರಡನೆಯದು ಕಬ್ಬಿಣದ ಸೈಡ್ ಹೌಸಿಂಗುಗಳ ಸಂಗತಿ. ಹಳೆಯ ಗೆರೆ ಹೋಗಲೆಂದು ಲ್ಯಾಪಿಂಗ್ ಮಾಡುವಾಗ (ನುಣ್ಣಗೆ ಉಜ್ಜುವಾಗ) ನೈಟ್ರೈಡಿಂಗ್ (ನೈಟ್ರೋಜನ್ನಿನಿಂದ ಲೋಹದ ಮೇಲ್ಮೈ ಗಟ್ಟಿ ಮಾಡುವುದು) ಮಾಡಿದ ಗಟ್ಟಿ ಮೇಲ್ಪದರವೂ ಹೋಗಿಬಿಡಬಹುದು. ನನ್ನವನ್ನು ಕನ್ನಡಿಯಂತೆ ಹೊಳೆಯಿಸಿ ಕೊಟ್ಟಿದ್ದರು, ಮತ್ತೆ ನೈಟ್ರೈಡಿಂಗ್ ಮಾಡಿಸಿರಲಿಲ್ಲ. ಸೈಡ್ ಸೀಲುಗಳು ಅಲ್ಲಿ ಕೊರೆದ ಮೆಟ್ಟಿಲು ಉಗುರಿಗೆ ಸಿಗುವಷ್ಟು ಆಳವಿತ್ತು.