ಸಂಜೆಯ ಜರ್ಮನ್ ತರಗತಿ: ಐದಕ್ಕೆ ಮೂರೂವರೆ ಅಂಕ

ಜರ್ಮನ್ ಪೌರತ್ವಕ್ಕೆ ಬೇಕಾದ ಬಿ1 (ಮಧ್ಯಮ ಮಟ್ಟದ) ಭಾಷಾ ಪರೀಕ್ಷೆಗೆಂದು ಮ್ಯೂನಿಕ್‌ನ ಒಂದು ಭಾಷಾ ಶಾಲೆಗೆ ಮೂರು ತಿಂಗಳು ಹೋದೆ. ಹದಿನೆಂಟು ಜನರಿಗೆ ಒಬ್ಬರೇ ಶಿಕ್ಷಕಿ. ಬಾಯಿ ತೆರೆಯುವ ಸರದಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು. ಶುಲ್ಕಕ್ಕೆ ಇದು ಅನ್ಯಾಯ.

ಆದರೆ ಶಿಕ್ಷಕಿ ಅಪ್ಪಟ ಚಿನ್ನ. ನಾನು ಅಣಕು ಪರೀಕ್ಷೆಯಲ್ಲಿ ಮುಗ್ಗರಿಸಿದ ದಿನ ಅವರು ಬ್ರೂನೊ ಮಾಸೊ ಕಥೆ ಹೇಳಿದರು. ಫ್ರಾನ್ಸ್‌ನ ಈ ಐಸ್ ಸ್ಕೇಟರ್, ಜೋಡಿ ಸಂಗಾತಿ ಅಲ್ಯೋನಾ ಸಾವ್ಚೆಂಕೊ ಜೊತೆ ಜರ್ಮನಿಯ ಪರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಬಹುದಿತ್ತು. ಒಲಿಂಪಿಕ್ಸ್‌ಗೆ ಮಾತ್ರ ಪೌರತ್ವ ಬೇಕೇ ಬೇಕು. ಭಾಷಾ ಪರೀಕ್ಷೆಯಲ್ಲಿ ಅವರು ಮತ್ತೆ ಮತ್ತೆ ನಪಾಸಾದರು. 2017ರ ಕೊನೆಯಲ್ಲಿ ಹೇಗೋ ದಾಟಿದರು. 2018ರ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿಗೆ ನಾಲ್ಕನೆಯವರು, ಮರುದಿನ ಚಿನ್ನ! ಗಾಳಿಯಲ್ಲಿ ಸಂಗಾತಿಯನ್ನು ಎಸೆದು ಹಿಡಿಯುವವನಿಗೂ ಜರ್ಮನ್ ನಾಮಪದಗಳ ಲಿಂಗಗಳು ಕೈಕೊಟ್ಟವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

‘ಮಿರ್ ಇಸ್ಟ್ ಕಾಲ್ಟ್’ ಎಂಬುದು ಮಾತ್ರ ನನಗೆ ಒಮ್ಮೆಗೇ ಬಂತು. ಅದು ನಮ್ಮ ‘ನನಗೆ ಚಳಿ’ಯದೇ ಚತುರ್ಥಿ ವಿಭಕ್ತಿ. ತರಗತಿಯ ಹೀಟರ್ ಕೆಟ್ಟಿದ್ದರಿಂದ ಅಭ್ಯಾಸವೂ ಚೆನ್ನಾಗಿ ಆಯಿತು.

ಸೇರುವುದಾದರೆ ಶನಿವಾರದ ಚಿಕ್ಕ ಗುಂಪಿಗೆ ಸೇರಿ, ಸ್ವೆಟರ್ ಒಯ್ಯಿರಿ.