ಪಾರ್ಟಿಷನ್ ಕೊಳ್ಳುವ ಮೊದಲು ಮೂಲೆಯ ಕಂಬ ಬಿಚ್ಚಿಸಿ ನೋಡಿ: ಮೂರು ಬಗೆಯ ಕೇಬಲ್ ದಾರಿಗಳ ವಿಮರ್ಶೆ

ಮಾಡ್ಯುಲರ್ ಆಫೀಸ್ ಪಾರ್ಟಿಷನ್‌ಗಳ ಕ್ಯಾಟಲಾಗಿನಲ್ಲಿ ಬಟ್ಟೆಯ ಬಣ್ಣ, ಲ್ಯಾಮಿನೇಟು, ಗಾಜು ಇವಕ್ಕೆ ಪುಟಗಟ್ಟಲೆ ಜಾಗ. ವೈರಿಂಗ್ ಬಗ್ಗೆ ಇರುವುದು ಒಂದೇ ಚಿತ್ರ: ನೇರ ಪ್ಯಾನೆಲ್ಲಿನ ಅಡ್ಡಕೊಯ್ತ, ಅದರೊಳಗೆ ಧಾರಾಳವಾಗಿ ಕಾಣುವ ರೇಸ್‌ವೇ, ಅಂದರೆ ಕೇಬಲ್ ಹಾಯುವ ಖಾನೆ. ಚಿತ್ರ ಸುಳ್ಳಲ್ಲ. ಆದರೆ ಕೇಬಲ್ ಸಿಕ್ಕಿಬೀಳುವುದು ನೇರ ಪ್ಯಾನೆಲ್ಲಿನಲ್ಲಲ್ಲ, ಎರಡು ಮೂರು ಪ್ಯಾನೆಲ್ಲುಗಳು ಕೂಡುವ ಮೂಲೆಯ ಕಂಬದಲ್ಲಿ. ಅದಕ್ಕೇ ಸಾಮಾನ್ಯವಾಗಿ ಸಿಗುವ ಮೂರು ಬಗೆಗಳನ್ನು ಇಲ್ಲಿ ಕೇಬಲ್ ಹಾದುಹೋಗುವ ಅತಿ ಕಿರಿದಾದ ಜಾಗವನ್ನು ಹಿಡಿದೇ ತೂಗಿದೆ.

ಮೊದಲು ಲೆಕ್ಕ. ನೆಟ್‌ವರ್ಕಿಗೆ ಬಳಸುವ ಕ್ಯಾಟ್-6 ಡೇಟಾ ಕೇಬಲ್ಲಿನ ಹೊರ ವ್ಯಾಸ ಸುಮಾರು 6 ಮಿ.ಮೀ.; ಒಂದು ಕೇಬಲ್ಲಿಗೆ 28 ಚದರ ಮಿ.ಮೀ. ಬೇಕು. ಕ್ಯಾಟ್-6ಎ ಇನ್ನೂ ದಪ್ಪ, 8 ಮಿ.ಮೀ. ಎಂದು ಹಿಡಿದರೆ 50 ಚದರ ಮಿ.ಮೀ.ಗಿಂತ ತುಸು ಹೆಚ್ಚು. ರೇಸ್‌ವೇಯನ್ನು ಆರಂಭದಲ್ಲಿ ಶೇ. 40ಕ್ಕಿಂತ ಹೆಚ್ಚು ತುಂಬಬಾರದು. ದುಂಡನೆಯ ಕೇಬಲ್ಲುಗಳ ನಡುವಿನ ಸಂದು ಹೇಗೂ ಉಪಯೋಗಕ್ಕೆ ಬಾರದು, ಮುಂದೆ ನಾಲ್ಕು ಕೇಬಲ್ ಹೆಚ್ಚುವರಿಯಾಗಿ ಎಳೆಯಲು ಉಳಿದ ಜಾಗವೇ ಆಧಾರ. 50×40 ಮಿ.ಮೀ. ಡೇಟಾ ಖಾನೆಯಲ್ಲಿ ಈ ಲೆಕ್ಕದಂತೆ 28 ಕ್ಯಾಟ್-6 ಹಿಡಿಯುತ್ತವೆ, ಇಲ್ಲವೇ 15 ಕ್ಯಾಟ್-6ಎ. ಅದೇ ಖಾನೆ ಕಂಬ ದಾಟುವಲ್ಲಿ 40×25 ಮಿ.ಮೀ. ಕಿಂಡಿಯಾಗಿ ಕುಗ್ಗಿದರೆ ಸಂಖ್ಯೆ 14ಕ್ಕೆ ಮತ್ತು 7ಕ್ಕೆ ಇಳಿಯುತ್ತದೆ. ಎಂಟು ಸೀಟಿನ ಸಾಲಿಗೆ, ಸೀಟಿಗೆ ಎರಡು ಪಾಯಿಂಟಿನಂತೆ, 16 ಕೇಬಲ್ ಬೇಕು. ಕ್ಯಾಟಲಾಗು ನಂಬಿದರೆ ಕ್ಯಾಟ್-6 ಸಲೀಸಾಗಿ ಹೋಗಬೇಕು, ಕಂಬ ಬಿಡುವುದಿಲ್ಲ. ಅಳವಡಿಸುವವರು ಹೇಗೋ ತುರುಕುತ್ತಾರೆ. ಆಗ ಕೇಬಲ್ಲಿನ ಹೊರಕವಚ ಕಿತ್ತುಬರುತ್ತದೆ, ಒಳಗೆ ಹೆಣೆದ ವೈರು ಜೋಡಿಗಳ ತಿರುಪು ಹಿಗ್ಗಿಹೋಗುತ್ತದೆ, ಟೆಸ್ಟರ್ ಹಾಕಿದಾಗ ರಿಟರ್ನ್ ಲಾಸ್ (ಸಿಗ್ನಲ್ ಹಿಂದಕ್ಕೆ ಪ್ರತಿಫಲಿಸುವುದರ ಅಳತೆ) ಫೇಲ್ ಎಂದು ತೋರಿಸುತ್ತದೆ. ಕ್ಯಾಟ್-6ಎ ಹಾಕುವ ಯೋಚನೆ ಇದ್ದರಂತೂ ಇಂಥ ಕಂಬದ ಪಾರ್ಟಿಷನ್ನನ್ನು ಆಗಲೇ ಕೈಬಿಡುವುದು ಒಳ್ಳೆಯದು.

ತಳದಲ್ಲಿ, ನೆಲಕ್ಕೆ ತಾಗಿದಂತೆ ರೇಸ್‌ವೇ ಇರುವ ತೆಳುವಾದ ಪ್ಯಾನೆಲ್ ಮೊದಲ ಬಗೆ. ನೆಲದ ಬಾಕ್ಸಿನಿಂದ ಕೇಬಲ್ ನೇರ ಒಳಗೆ ಬರುತ್ತದೆ, ಮೇಲೆ ಹತ್ತಿಸುವ ಗೋಜಿಲ್ಲ, ಜೋಡಣೆ ಬೇಗ ಮುಗಿಯುತ್ತದೆ. ತೊಂದರೆಗಳೆಲ್ಲ ಬಳಕೆಯಲ್ಲಿ. ನೆಲ ಒರೆಸುವ ನೀರು ಮುಚ್ಚಳದ ಕೆಳ ಅಂಚಿನಿಂದ ಒಳಗೆ ಇಳಿಯುತ್ತದೆ. ಕುರ್ಚಿಯ ಗಾಲಿ ಬಡಿದು ಕ್ಲಿಪ್ಪುಗಳು ಮುರಿಯುತ್ತವೆ. ಒಂದು ಪಾಯಿಂಟ್ ಸೇರಿಸಬೇಕೆಂದರೆ ಡ್ರಾಯರ್ ಪೆಟ್ಟಿಗೆ ಎಳೆದು, ಮೇಜಿನಡಿ ಮಲಗಿ ಮುಚ್ಚಳ ಬಿಚ್ಚಬೇಕು. ಸಾಕೆಟ್ಟು ಕೈಗೆಟುಕದ ಕಾರಣ ಜನ ಎಕ್ಸ್‌ಟೆನ್ಷನ್ ಬೋರ್ಡ್ ತರುತ್ತಾರೆ, ಅದಕ್ಕೆ ಇನ್ನೊಂದನ್ನು ಸಿಕ್ಕಿಸುತ್ತಾರೆ; ಪಾರ್ಟಿಷನ್ನಿನ ಒಳಗೆ ಎಷ್ಟು ಅಚ್ಚುಕಟ್ಟಾಗಿ ವೈರಿಂಗ್ ಮಾಡಿದರೂ ಹೊರಗೆ ಗೋಜಲೇ. ಇದರ ಕಂಬದಲ್ಲಿ ನೋಡಬೇಕಾದದ್ದು ಒಳಮೂಲೆಯ ತಿರುವು. ಕ್ಯಾಟ್-6 ಕೇಬಲ್ ಬಾಗುವ ತ್ರಿಜ್ಯ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು: 6 ಮಿ.ಮೀ. ಕೇಬಲ್ಲಿಗೆ 24, 8 ಮಿ.ಮೀ. ಕೇಬಲ್ಲಿಗೆ 32. ಕತ್ತರಿಸಿದ ತಗಡಿನ 90 ಡಿಗ್ರಿ ಅಂಚಿನ ಮೇಲೆ ಕೇಬಲ್ ಮಡಚಿಕೊಂಡರೆ ಈ ತ್ರಿಜ್ಯ ಸಿಗುವುದಿಲ್ಲ. ಅಂಚಿಗೆ ದುಂಡನೆಯ ಪ್ಲಾಸ್ಟಿಕ್ ತುಂಡು ಕೊಡುವ ತಯಾರಕರಿದ್ದಾರೆ. ಅದಿಲ್ಲದ್ದನ್ನು ನಾವು ಶಿಫಾರಸು ಮಾಡುವುದಿಲ್ಲ.

ಮೇಜಿನ ಮಟ್ಟಕ್ಕಿಂತ ತುಸು ಮೇಲೆ ರೇಸ್‌ವೇ ಇರುವ ಬಗೆ ನಮಗೆ ಹೆಚ್ಚು ಮೆಚ್ಚುಗೆ. ಮೇಜು ಇದ್ದಲ್ಲೇ ಇರಲಿ, ಮುಚ್ಚಳ ತೆರೆದರೆ ಎಲ್ಲ ಕೈಗೆ ಸಿಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಲು ಯಾರೂ ಬಗ್ಗಬೇಕಿಲ್ಲ. ಇಲ್ಲಿ ಕಿರಿದಾದ ಜಾಗ ಬೇರೆಡೆ: ನೆಲದಿಂದ ಕೇಬಲ್ ಮೇಲೇರುವ ರೈಸರ್. ಸಾಲಿಗೆ ಒಂದೇ ರೈಸರ್ ಕೊಟ್ಟರೆ ಇಡೀ ಸಾಲಿನ ಕೇಬಲ್ ಅದರೊಳಗೇ ಏರಬೇಕು. ಕಂಬಕ್ಕೆ ಮಾಡಿದ ಲೆಕ್ಕವನ್ನೇ ರೈಸರಿಗೂ ಮಾಡಿ, ಪವರಿಗೆ ಒಂದು, ಡೇಟಾಕ್ಕೆ ಒಂದು ಪ್ರತ್ಯೇಕ ರೈಸರ್ ಕೇಳಿ. ಇನ್ನೊಂದು ಎಡವಟ್ಟು, ಎರಡೂ ಬದಿಯ ಸಾಕೆಟ್ಟುಗಳು ಬೆನ್ನಿಗೆ ಬೆನ್ನು ಬರುವುದು. ಒಂದು ಬಾಕ್ಸಿನ ಆಳ 40 ಮಿ.ಮೀ. ದಾಟಿದರೆ 60 ಮಿ.ಮೀ. ದಪ್ಪದ ಪ್ಯಾನೆಲ್ಲಿನಲ್ಲಿ ಎರಡು ಬಾಕ್ಸ್ ಎದುರುಬದುರು ಕೂರುವುದು ಸಾಧ್ಯವೇ ಇಲ್ಲ. ಆಳ ಕಡಿಮೆಯ ಬಾಕ್ಸ್ ಹಾಕಿ ಕೂರಿಸಿದರೂ ಅವುಗಳ ನಡುವೆ ಕೇಬಲ್ ದಾಟಲು ದಾರಿ ಉಳಿಯುವುದಿಲ್ಲ. ಡ್ರಾಯಿಂಗಿನಲ್ಲೇ ಒಂದು ಬಾಕ್ಸನ್ನು ಪಕ್ಕಕ್ಕೆ ಸರಿಸಿಡಬೇಕು. ಮುಚ್ಚಳದ ಪರೀಕ್ಷೆಯನ್ನು ದೊಡ್ಡ ಅಡಾಪ್ಟರ್ ಚುಚ್ಚಿದ ಮೇಲೆ ಮಾಡಿ. ಖಾಲಿ ಸಾಕೆಟ್ಟಿನ ಮೇಲೆ ಎಲ್ಲ ಮುಚ್ಚಳವೂ ಮುಚ್ಚುತ್ತದೆ.

ಮೂರನೆಯದು ಮೇಜಿನಡಿಯ ಟ್ರೇ, ಮೇಲೆ ತೆಳು ಪರದೆ ಮಾತ್ರ. ಕಂಬವೇ ಇಲ್ಲ, ಹಾಗಾಗಿ ಕೇಬಲ್ ಸಿಕ್ಕಿಬೀಳುವ ಮಾತೂ ಇಲ್ಲ. ಎತ್ತರ ಬದಲಿಸುವ ಮೇಜಿಗೆ ಇದೇ ಸರಿ, ಒಂದು ಷರತ್ತಿನೊಂದಿಗೆ: ಮೇಜು 600 ಮಿ.ಮೀ. ಏರುವುದಾದರೆ ನೆಲದಿಂದ ಮೇಜಿಗೆ ಬರುವ ಪ್ರತಿ ಕೇಬಲ್ಲಿನಲ್ಲೂ ಅಷ್ಟು ಸಡಿಲ ಇರಬೇಕು, ಆ ಸಡಿಲ ಕೇಬಲ್ ಚೈನಿನೊಳಗೆ ಮಡಚಿಕೊಳ್ಳಬೇಕು. ಇಲ್ಲದಿದ್ದರೆ ಮೇಜು ಏರಿದಾಗ ಜಗ್ಗುವುದು ಪ್ಲಗ್ಗನ್ನೇ. ಪವರ್ ಮತ್ತು ಡೇಟಾ ನಡುವಿನ ವಿಭಜಕ ಪಟ್ಟಿ ಈ ಬಗೆಯಲ್ಲಿ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ, ಬೇರೆಯಾಗಿ ಕೇಳಿ ತರಿಸಬೇಕು.

ವಿಭಜಕದ ಮಾತು ಬಂದದ್ದರಿಂದ ಹೇಳಲೇಬೇಕು: ಪ್ಯಾನೆಲ್ ಇರುವ ಎರಡು ಬಗೆಗಳಲ್ಲೂ ಲೋಹದ ವಿಭಜಕ ಪ್ಯಾನೆಲ್ಲಿನ ತುದಿಗೇ ನಿಂತುಬಿಡುತ್ತದೆಯೇ ನೋಡಿ. ಹಾಗಾದರೆ ಕಂಬದೊಳಗೆ ಪವರ್ ವೈರೂ ಡೇಟಾ ಕೇಬಲ್ಲೂ ಮೈಗೆ ಮೈ ತಾಗಿಸಿ ಮಲಗುತ್ತವೆ. ವಿಭಜಕ ಇರುವುದು ಸಿಗ್ನಲ್ಲಿಗೆ ಗದ್ದಲ ಸೇರದಿರಲಿ ಎಂದಷ್ಟೇ ಅಲ್ಲ. ಪವರ್ ವೈರಿನ ಕವಚ ಸವೆದರೆ ಅದು ಡೇಟಾ ಕೇಬಲ್ಲಿಗೆ ತಾಗದಿರಲಿ ಎಂದೂ ಹೌದು. ಇವೆರಡು ದಾಟಲೇಬೇಕಾದ ಕಡೆ ಅಡ್ಡಲಾಗಿ, 90 ಡಿಗ್ರಿಯಲ್ಲಿ ದಾಟಿಸಿ.

ಪವರ್ ಭಾಗದಲ್ಲಿ ನಮ್ಮ ಮುಖ್ಯ ಆಕ್ಷೇಪ ಹಂಚಿಕೊಂಡ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರು) ಬಗ್ಗೆ. ಮೂರು ಫೇಸಿಗೆ ಒಂದೇ ನ್ಯೂಟ್ರಲ್ ಇರುವ ರೆಡಿಮೇಡ್ ಹಾರ್ನೆಸ್‌ಗಳಿವೆ (ಕನೆಕ್ಟರ್ ಸಮೇತ ಬರುವ ವೈರಿನ ಕಟ್ಟುಗಳು). ಕಂಪ್ಯೂಟರಿನ ಪವರ್ ಸಪ್ಲೈಗಳು ಎಳೆಯುವ ಕರೆಂಟಿನಲ್ಲಿ ಮೂರನೆಯ ಹಾರ್ಮೋನಿಕ್, ಅಂದರೆ ಮೂಲ ಆವರ್ತನದ ಮೂರು ಪಟ್ಟು ಆವರ್ತನದ ಅಂಶ, ಇರುತ್ತದೆ. ಅದು ನ್ಯೂಟ್ರಲ್ಲಿನಲ್ಲಿ ಪರಸ್ಪರ ಕಳೆಯದೆ ಕೂಡಿಕೊಳ್ಳುತ್ತದೆ, ವೈರು ಬಿಸಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ನ್ಯೂಟ್ರಲ್ ಒಂದು ಕನೆಕ್ಟರಿನಲ್ಲಿ ಸಡಿಲವಾದರೆ ಕಡಿಮೆ ಲೋಡಿರುವ ಸೀಟಿನ ಉಪಕರಣಕ್ಕೆ ಮಾಮೂಲಿಗಿಂತ ಬಹಳ ಹೆಚ್ಚು ವೋಲ್ಟೇಜ್ ಹೋಗಿ ಸುಟ್ಟುಹೋಗಬಹುದು. ಸಾಲಿಗೆ ಒಂದೇ ಫೇಸ್, ಸರ್ಕ್ಯೂಟಿಗೆ ಅದರದೇ ನ್ಯೂಟ್ರಲ್ ಇರುವ ಹಾರ್ನೆಸ್ ತರಿಸಿ. ಲೋಡ್ ಇರುವಾಗ ಈ ಕನೆಕ್ಟರುಗಳನ್ನು ಎಳೆದು ಬಿಚ್ಚಬಾರದು, ಎಂಸಿಬಿ (ಆ ಸರ್ಕ್ಯೂಟಿನ ಬ್ರೇಕರ್ ಸ್ವಿಚ್) ಇಳಿಸಿಯೇ ಬಿಚ್ಚಬೇಕು.

ಅರ್ತಿಂಗ್ ವಿಷಯದಲ್ಲಿ ಪೌಡರ್ ಕೋಟಿಂಗ್ ಮೋಸ ಮಾಡುತ್ತದೆ. ಬಣ್ಣ ಕರೆಂಟ್ ಹರಿಯಲು ಬಿಡುವುದಿಲ್ಲ; ಸ್ಕ್ರೂ ಹಾಕಿ ಜೋಡಿಸಿದ ಎರಡು ಫ್ರೇಮುಗಳ ನಡುವೆ ಅರ್ತ್ ಸಂಪರ್ಕ ಇದೆ ಎಂದು ಭಾವಿಸುವಂತಿಲ್ಲ. ಹಲ್ಲಿರುವ ವಾಷರ್ ಅಥವಾ ಫ್ರೇಮಿನಿಂದ ಫ್ರೇಮಿಗೆ ಹಸಿರು-ಹಳದಿ ಜಂಪರ್ ವೈರ್ ಬೇಕು, ಮಲ್ಟಿಮೀಟರಿನಲ್ಲಿ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದು ನೋಡಬೇಕು. ಕಾರಣ ಗೊತ್ತಾಗದೆ ಆರ್‌ಸಿಸಿಬಿ (ಕರೆಂಟ್ ಅರ್ತಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ದೋಷ ವೈರಿನದೇ ಆಗಿರಬೇಕಿಲ್ಲ. ಪ್ರತಿ ಪವರ್ ಸಪ್ಲೈ ಅರ್ತಿಗೆ ಚೂರು ಕರೆಂಟ್ ಸೋರಿಸುತ್ತದೆ, ಎಲ್ಲ ಸೇರಿ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಮೇಲೆ 9 ಮಿಲಿಆಂಪಿಯರ್ ದಾಟದಂತೆ ಸೀಟುಗಳನ್ನು ಹಂಚಬೇಕು.

ಅಳವಡಿಸುವ ಕ್ರಮಕ್ಕೂ ಪಾರ್ಟಿಷನ್ನಿನ ಗುಣಕ್ಕೂ ನಂಟಿದೆ. ಫ್ರೇಮ್ ನಿಲ್ಲಿಸಿ, ಪವರ್ ಹಾರ್ನೆಸ್ ಕೂರಿಸಿ, ಆಮೇಲೆ ಡೇಟಾ ಎಳೆಯಲು ಬಿಡುವ ವಿನ್ಯಾಸ ಒಳ್ಳೆಯದು. ಕಂಬ ನಿಲ್ಲಿಸುವಾಗಲೇ ಕೇಬಲ್ ಪೋಣಿಸಬೇಕಾದದ್ದು ಬೇಡ, ಮುಂದೆ ಒಂದು ಕೇಬಲ್ ಬದಲಿಸಲು ಇಡೀ ಮೂಲೆ ಬಿಚ್ಚಬೇಕಾಗುತ್ತದೆ. ಕಟ್ಟಲು ನೈಲಾನ್ ಟೈ ಬೇಡ, ವೆಲ್ಕ್ರೋ ಪಟ್ಟಿ ಸಾಕು. ಬಿಗಿದ ಟೈ ಜೋಡಿಗಳನ್ನು ಅಮುಕುತ್ತದೆ. ಡೇಟಾ ಕೇಬಲ್ಲಿನ ವೈರುಗಳನ್ನು ಜಾಕಿಗೆ ಒತ್ತಿ ಕೂರಿಸುವಾಗ 13 ಮಿ.ಮೀ.ಗಿಂತ ಹೆಚ್ಚು ತಿರುಪು ಬಿಚ್ಚಬಾರದು. ಎರಡೂ ತುದಿಗೆ ಲೇಬಲ್, ಜೊತೆಗೆ ಕಂಬದ ಪಕ್ಕದಲ್ಲಿ ಇನ್ನೊಂದು. ಎಲ್ಲ ಪಾಯಿಂಟಿನ ಟೆಸ್ಟ್ ಫಲಿತಾಂಶ ಕೈಗೆ ಬಂದ ಮೇಲಷ್ಟೇ ಬಟ್ಟೆಯ ಟೈಲುಗಳನ್ನು ಕೂರಿಸಲು ಹೇಳಿ. ಆರ್ಡರಿನಲ್ಲಿ ನೇರ ಪ್ಯಾನೆಲ್ಲಿನ ಬದಲು ಮೂರು ದಾರಿಯ ಕಂಬದ ಅಡ್ಡಕೊಯ್ತವನ್ನು ಅಳತೆ ಸಮೇತ ಬರೆಸಿ, ಮುಚ್ಚಳದ ಕ್ಲಿಪ್ಪುಗಳನ್ನು ನೂರಕ್ಕೆ ಹತ್ತರಂತೆ ಹೆಚ್ಚುವರಿಯಾಗಿ ತರಿಸಿಡಿ.